ಯಾರು ಯಾರಿಗೆ ಅಕ್ಕ: ಮೂಡಲಗಿ ಸೀಮೆಯ ಒಂದು ಬೇಸಿಗೆ ಅಧ್ಯಯನ

“ತಮ್ಮ ವಯಸ್ಸೆಷ್ಟು?” ಎಂಬುದು ಕ್ಷೇತ್ರಾಧ್ಯಯನದ ಯಾವ ಪ್ರಶ್ನಾವಳಿಯಲ್ಲಿಯೂ ಮೊದಲ ಪುಟದಲ್ಲೇ ಬರುವ ಪ್ರಶ್ನೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ನನ್ನ ವಿದ್ಯಾರ್ಥಿಗಳಿಗೆ ಈ ಪ್ರಶ್ನೆಗೆ ಹೆಚ್ಚಾಗಿ ದೊರೆಯುತ್ತಿದ್ದ ಉತ್ತರ ಒಂದೇ: “ನೀವ ನೋಡಿ ಬರಕೋರಿ.” ಮುಖ ನೋಡಿ, ಕೈಯ ಗೆರೆ ನೋಡಿ, ನಿಮಗೆ ತೋಚಿದ್ದನ್ನು ಬರೆದುಕೊಳ್ಳಿ ಎಂದರ್ಥ. ಇದನ್ನು ಉದಾಸೀನವೆಂದು ನಾನು ಬಹುಕಾಲ ತಿಳಿದಿದ್ದೆ. ಅದು ಉದಾಸೀನವಲ್ಲ, ಪ್ರಶ್ನೆಯೇ ತಪ್ಪಾಗಿತ್ತು ಎಂದು ಗೊತ್ತಾದ ಬೇಸಿಗೆಯ ಕಥನವನ್ನು, ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಕಿರಿಯ ಅಧ್ಯಾಪಕರಿಗಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ನಾನು ಒಂದು ಕ್ರೈಸ್ತ ವಿಶ್ವವಿದ್ಯಾಲಯದ ಸಂಶೋಧನ ವಿಭಾಗದಲ್ಲಿದ್ದು ನಿವೃತ್ತನಾದವನು. ಪ್ರತಿ ಬೇಸಿಗೆಯಲ್ಲಿ ಪರೀಕ್ಷೆಗಳು ಮುಗಿದ ಮೇಲೆ ಒಂದು ಸಣ್ಣ ತಂಡವನ್ನು ಕ್ಯಾಂಪಸ್ಸಿನಿಂದ ಹೊರಗೆ ಕರೆತಂದು, ಆರು ವಾರ ಈ ಮೂರು ತಾಲೂಕುಗಳಲ್ಲಿ ಇರಿಸಿ, ಒಂದು ಅಧ್ಯಯನ ಮಾಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಅಂಕಪಟ್ಟಿಯಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ವಿದ್ಯಾರ್ಥಿಗಳು ಊರಿನವರಂತೆ ‘ಬೇಸಿಗೆ ಸಾಲಿ’, ಎಂದರೆ ಬೇಸಿಗೆ ಶಾಲೆ, ಎನ್ನುತ್ತಿದ್ದರು. ಇಲ್ಲಿ ಹೇಳುವ ಪ್ರತಿಯೊಂದು ಘಟನೆಯನ್ನೂ ನನ್ನ ದಿನಚರಿ, ತಂಡದ ಹಾಜರಿ ಹಾಳೆ ಮತ್ತು ಘಟಪ್ರಭಾ ನಿಲ್ದಾಣದ ರೈಲು ಟಿಕೆಟುಗಳೊಂದಿಗೆ ತಾಳೆ ನೋಡಿದ್ದೇನೆ. ಮೂರೂ ಒಪ್ಪಿದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಇಸವಿಗಳನ್ನು ಬೇಕೆಂದೇ ಕೊಟ್ಟಿಲ್ಲ. ಕಥನದಲ್ಲಿ ಬರುವ ಹೆಣ್ಣುಮಕ್ಕಳು ಬದುಕಿದ್ದಾರೆ. ಅವರ ವಯಸ್ಸನ್ನು ಅಚ್ಚು ಹಾಕಿಸುವ ಅಧಿಕಾರ ನನಗಿಲ್ಲ.

ಮೊದಲ ಬೇಸಿಗೆಯ ಪ್ರಮಾದದಿಂದಲೇ ಆರಂಭಿಸುವುದು ಉಚಿತ. ನಾನು ಗ್ರಂಥಾಲಯದಲ್ಲಿ ಕುಳಿತು ಸಿದ್ಧಪಡಿಸಿದ ಪ್ರಶ್ನಾವಳಿಯಲ್ಲಿ ಜನ್ಮದಿನಾಂಕಕ್ಕೆ ಒಂದು ಅಂಕಣವಿತ್ತು. ಭರ್ತಿಯಾಗಿ ಬಂದ ಹಾಳೆಗಳನ್ನು ತೆರೆದು ನೋಡಿದರೆ, ಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಜೂನ್ ಒಂದರಂದು ಹುಟ್ಟಿದ್ದರು. ನಮ್ಮ ಡೀನ್ ಫಾದರ್ ಆ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, “ಇಷ್ಟು ಜನರನ್ನು ಒಂದೇ ದಿನ ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ನಾನೊಮ್ಮೆ ನೋಡಬೇಕು” ಎಂದರು. ವಿದ್ಯಾರ್ಥಿಗಳು ಮರದ ನೆರಳಲ್ಲಿ ಕುಳಿತು ತಾವೇ ತುಂಬಿದ್ದಾರೆಂಬುದು ಅವರ ಗುಮಾನಿ. ಮಗುವಿನ ಹುಟ್ಟಿದ ದಿನ ತಂದೆಗೆ ತಿಳಿಯದಿದ್ದಾಗ, ಶಾಲೆ ತೆರೆಯುವ ದಿನವನ್ನೇ ಹೆಡ್ ಮಾಸ್ತರರು ಬರೆದುಕೊಳ್ಳುತ್ತಿದ್ದ ಪದ್ಧತಿಯನ್ನು ನಾನು ವಿವರಿಸಬೇಕಾಯಿತು. ನನ್ನ ಸೇವಾ ಪುಸ್ತಕದಲ್ಲಿಯೂ ಜೂನ್ ಒಂದೇ ಇತ್ತು. ಪ್ರಶ್ನಾವಳಿ ಬರೆಯುವಾಗ ಅದು ನೆನಪಾಗದಿದ್ದುದು ವಿದ್ವತ್ತಿನ ಒಂದು ಲಕ್ಷಣವೆಂದೇ ಹೇಳಬೇಕು.

ಮರುವರ್ಷ ಪ್ರಶ್ನೆಯನ್ನು ಬದಲಿಸಿ, ದಾಖಲೆ ತೋರಿಸಿದವರ ವಯಸ್ಸನ್ನು ಮಾತ್ರ ಬರೆದುಕೊಳ್ಳುವಂತೆ ಸೂಚಿಸಿದೆ. ಹುಕ್ಕೇರಿ ತಾಲೂಕಿನ ಯಮಕನಮರಡಿಯಲ್ಲಿ, ಹೆದ್ದಾರಿಯ ಪಕ್ಕದ ಚಹಾದಂಗಡಿಯೊಂದರಲ್ಲಿ, ಲಾರಿ ಚಾಲಕರೊಬ್ಬರು ನಮ್ಮ ಹುಡುಗರನ್ನು ಬಾಜೂ ಕೂರಿಸಿಕೊಂಡು ವಿಚಾರಿಸಿದರು: “ಯಾವ ವಯಸ್ಸು ಬೇಕ್ರಿ ನಿಮಗ? ಸಾಲ್ಯಾಗಿಂದು ಒಂದ್ ಐತಿ, ಲೈಸನ್ಸಿಂದು ಒಂದ್ ಐತಿ, ನಮ್ಮವ್ವ ಹೇಳೂದು ಮತ್ತೊಂದ್ ಐತಿ. ಮೂರೂ ಬರಕೊಂಡ್ರೂ ನಂದೇನ್ ಅಡ್ಡಿ ಇಲ್ಲ.” ಖರೆಯದು ಯಾವುದೆಂದು ಕೇಳಿದ್ದಕ್ಕೆ, ಅವ್ವ ಹೇಳಿದ್ದೇ ಖರೆ, ಆದರೆ ಅದಕ್ಕೆ ಸಿಕ್ಕಾ ಇಲ್ಲ ಎಂದು ಅವರು ನಕ್ಕರು. ನಾನು ಲೈಸನ್ಸಿನದನ್ನು ಉಳಿಸಿಕೊಂಡೆ. ಮುದ್ರೆಯಿದ್ದ ಕಾಗದವನ್ನು ನಂಬುವುದು ನನ್ನ ಜಾಯಮಾನ. ಅನಂತರ ನೆರೆ ಬಂದ ವರ್ಷ, ಕಾಲುವೆಗೆ ಮೊದಲ ನೀರು ಬಿಟ್ಟ ವರ್ಷ ಎಂಬಂಥ ಘಟನೆಗಳ ಪಟ್ಟಿಯೊಂದನ್ನು ಮಾಡಿ, ಅದರ ಆಧಾರದಿಂದ ವಯಸ್ಸು ಕಟ್ಟುವ ಕ್ರಮವನ್ನೂ ಪ್ರಯೋಗಿಸಿದೆ. ಜನರಿಗೆ ನೆರೆ ನೆನಪಿತ್ತು. ಆಗ ತಮಗೆಷ್ಟು ವಯಸ್ಸು ಎಂಬುದು ನೆನಪಿರಲಿಲ್ಲ. ಪ್ರಶ್ನೆ ಸುತ್ತಿಕೊಂಡು ಮತ್ತೆ ಮೊದಲಿದ್ದಲ್ಲಿಗೇ ಬಂತು.

ಹೀಗೆ ಹಲವು ಬೇಸಿಗೆಗಳು ಕಳೆದ ಮೇಲೆ, ಮೂಡಲಗಿ ತಾಲೂಕು ಕೇಂದ್ರವಾಗಿ, ನಮ್ಮ ಹಳೆಯ ನಮೂನೆಗಳಲ್ಲಿ ‘ಗೋಕಾಕ’ವನ್ನು ಹೊಡೆದು ‘ಮೂಡಲಗಿ’ ಎಂದು ಕೈಯಿಂದ ತಿದ್ದುತ್ತಿದ್ದ ಕಾಲದಲ್ಲಿ, ನಮ್ಮ ವಿದ್ಯಾವಿಷಯಕ ಪರಿಷತ್ತು ಒಂದು ನಿರ್ಣಯ ಕೈಗೊಂಡಿತು. ಓಣಿಗಳಲ್ಲಿ ಆರು ವಾರ ಕುಳಿತು ಬರುವುದನ್ನು ತರಗತಿಯ ಪಾಠಕ್ಕೆ ಸಮನೆಂದು ಗಣಿಸಬಹುದೇ ಎಂಬ ಆಕ್ಷೇಪವೆದ್ದಿತ್ತು. ನಿರ್ಣಯದ ಪ್ರಕಾರ, ಆ ಬೇಸಿಗೆಯ ವರದಿಯನ್ನು ಹೊರಗಿನ ಪರೀಕ್ಷಕರೊಬ್ಬರು ಸ್ಥಳಕ್ಕೇ ಬಂದು ಪರಿಶೀಲಿಸಬೇಕು. ಅವರು ಒಪ್ಪದಿದ್ದರೆ ಆ ತಂಡಕ್ಕೆ ಅಂಕಗಳಿಲ್ಲ, ಮುಂದೆ ಬೇಸಿಗೆ ಸಾಲಿಯೂ ಇಲ್ಲ. ನೇಮಕವಾದವರು ಜನಸಂಖ್ಯಾಶಾಸ್ತ್ರದ ಹಿರಿಯ ಪ್ರಾಧ್ಯಾಪಕರು. ದಾಖಲೆಯಿಲ್ಲದ ಬಾಯಿಮಾತನ್ನು ಅವರು ಎಂದೂ ಅಂಗೀಕರಿಸಿದವರಲ್ಲವೆಂದು ಪ್ರಸಿದ್ಧರಾಗಿದ್ದರು.

ಆ ತಂಡದಲ್ಲಿ ಗ್ರೇಸಿ ಇದ್ದಳು. ಗದಗಿನ ಕಡೆಯ ನೇಕಾರ ಕುಟುಂಬದ ಹುಡುಗಿ, ಪದವಿಯ ಕೊನೆಯ ವರ್ಷ. ಕಾಮಾಲೆಯಾಗಿ ಒಂದು ಸೆಮಿಸ್ಟರಿನ ಪತ್ರಿಕೆಗಳನ್ನು ಕಳೆದುಕೊಂಡಿದ್ದಳು. ಆ ಕೊರತೆಯನ್ನು ತುಂಬುವ ಈ ಬೇಸಿಗೆಯ ಅಂಕಗಳು ಬಂದರೆ ಮಾತ್ರ ಅವಳ ಪದವಿ ಪೂರ್ತಿ. ಪದವಿ ಪೂರ್ತಿಯಾದರೆ ಮಾತ್ರ ಮುಂದಿನ ತಿಂಗಳು ಬಿ.ಎಡ್. ಪ್ರವೇಶ. ಬಾರದಿದ್ದರೆ ಒಂದು ವರ್ಷವೇ ಹೋಗುತ್ತಿತ್ತು. ಇಡೀ ಮನೆ ಅವಳು ಶಿಕ್ಷಕಿಯಾಗುವುದನ್ನು ಕಾಯುತ್ತಿತ್ತು. ಇದು ತಂಡಕ್ಕೆಲ್ಲ ಗೊತ್ತಿದ್ದ ವಿಷಯ; ಅವಳು ಮಾತ್ರ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಅಧ್ಯಯನದ ವಿಷಯ ಸರಳವಾಗಿತ್ತು. ಮೂಡಲಗಿಗೆ ಸಮೀಪದ ಹಳ್ಳಿಯೊಂದರ ಓಣಿಯಲ್ಲಿ ಹೆಣ್ಣುಮಕ್ಕಳು ಯಾವ ವಯಸ್ಸಿಗೆ ಕಬ್ಬಿನ ಹೊಲದ ಕೂಲಿಗೆ ಹೋಗತೊಡಗಿದರು, ಎಷ್ಟು ವರ್ಷ ದುಡಿದರು ಎಂಬುದನ್ನು ಗುರುತಿಸಬೇಕು. ವಯಸ್ಸೇ ತಪ್ಪಾದರೆ ಉಳಿದದ್ದೆಲ್ಲವೂ ಕುಸಿಯುತ್ತದೆ. ಓಣಿಯಲ್ಲಿ ಮುಸಲ್ಮಾನ ರೈತ ಮನೆಗಳೂ ಹಿಂದೂ ಮನೆಗಳೂ ಬೆರೆತಿದ್ದವು. ಮೊದಲ ದಿನ ಕಟ್ಟೆಯ ಮೇಲಿದ್ದ ಮುದುಕರೊಬ್ಬರು, ಕ್ರೈಸ್ತರ ಕಾಲೇಜಿನವರೆಂದು ತಿಳಿದು, ಪ್ರಾರ್ಥನೆ ಮಾಡಿಸಲು ಬಂದಿರೇನೆಂದು ನೇರವಾಗಿಯೇ ಕೇಳಿದರು. “ಇಲ್ರಿ ಅಜ್ಜಾರ, ಪರೀಕ್ಷಾ ಪಾಸಾಗಾಕ ಬಂದೇವ್ರಿ” ಎಂದಳು ಗ್ರೇಸಿ. ಅಜ್ಜ ಸರಿದು ಕಟ್ಟೆಯ ಮೇಲೆ ಜಾಗ ಬಿಟ್ಟರು. ನಮ್ಮ ನಿಯಮವೂ ಅದೇ ಆಗಿತ್ತು. ರವಿವಾರ ಮುಂಜಾನೆ ಬಸ್ಸು ಹಿಡಿದು ಗೋಕಾಕಕ್ಕೆ ಆರಾಧನೆಗೆ ಹೋಗುವುದು. ಉಳಿದ ಆರು ದಿನ ಓಣಿಯಲ್ಲಿ ಕೇಳುವುದು, ಬರೆಯುವುದು.

ಓಣಿಯ ಮಧ್ಯದಲ್ಲಿ ಮೈರುನ್‌ಬಿ ಎಂಬ ಹಿರಿಯ ಹೆಣ್ಣುಮಗಳ ಮನೆ. ಸೋದರತ್ತೆಯ ಮಗನಿಗೇ ಕೊಟ್ಟಿದ್ದರಿಂದ ಹುಟ್ಟಿದ ಓಣಿಯಲ್ಲಿಯೇ ಬಾಳಿದವರು. ಮಧ್ಯಾಹ್ನ ತಂಡದ ಹುಡುಗಿಯರಿಗೆ ಅವರ ಮನೆಯಲ್ಲಿ ಜೋಳದ ರೊಟ್ಟಿ. ಇವರು ಉಣ್ಣುವ ಮುಂಚೆ ಕಣ್ಣು ಮುಚ್ಚಿ ತಲೆಬಾಗಿದರೆ, ಅವರು ರೊಟ್ಟಿಯನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದರು. ಯಾರಾದರೂ ಅವಸರ ಮಾಡಿ ಒಂದು ಕಣ್ಣು ತೆರೆದರೆ, “ಪೂರಾ ಮುಗಿಸವಾ, ರೊಟ್ಟಿ ಎಲ್ಲೂ ಓಡಿ ಹೋಗೂದಿಲ್ಲ” ಎನ್ನುತ್ತಿದ್ದರು. ಎದುರು ಮನೆಯವರು ದುಂಡವ್ವ. ಅವರೂ ಅಲ್ಲಿಯೇ ಹುಟ್ಟಿ, ಸೋದರಮಾವನನ್ನು ಲಗ್ನವಾಗಿ ಅಲ್ಲಿಯೇ ಉಳಿದವರು. ಮೈರುನ್‌ಬಿಯನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಈ ‘ಅಕ್ಕ’ ಎಂಬ ಕರೆ ದಿನಕ್ಕೆ ನೂರು ಸಲ ನನ್ನ ಕಿವಿಗೂ ಬೀಳುತ್ತಿತ್ತು. ಅದನ್ನು ಕೇಳಿಸಿಕೊಂಡವಳು ಗ್ರೇಸಿ. ಎರಡನೆಯ ವಾರ ಅವಳು ಪ್ರಶ್ನಾವಳಿಯನ್ನು ಚೀಲದಲ್ಲಿಟ್ಟು, ಯಾರು ಯಾರನ್ನು ಅಕ್ಕ ಎನ್ನುತ್ತಾರೆ, ಯಾರು ಯಾರಿಗೆ ಏಕವಚನ ಹಚ್ಚುತ್ತಾರೆ ಎಂಬುದನ್ನಷ್ಟೇ ಬರೆದುಕೊಳ್ಳತೊಡಗಿದಳು. ಈ ಓಣಿಯಲ್ಲಿ ತಂತಮ್ಮ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಆದರೆ ತನಗಿಂತ ಯಾರು ದೊಡ್ಡವರು, ಯಾರು ಸಣ್ಣವರು ಎಂಬುದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಬಾಯಿ ತೆರೆಯುವ ಮೊದಲು ಅದು ಗೊತ್ತಿರಲೇಬೇಕು. ಸೊಸೆಯಂದಿರ ವಿಷಯದಲ್ಲಿ ಮಾತ್ರ ಈ ಲೆಕ್ಕ ನಡೆಯದು. ಅವರು ಅಕ್ಕ ಎನ್ನುವುದು ಗಂಡನ ಕಡೆಯ ವರಸೆಗೆ, ವಯಸ್ಸಿಗಲ್ಲ. ಇದನ್ನು ಗುರುತಿಸಿ ಅವಳು ಓಣಿಯಲ್ಲಿಯೇ ಹುಟ್ಟಿದವರನ್ನಷ್ಟೇ ತೆಗೆದುಕೊಂಡಳು. ಅದರ ಮೇಲೊಂದು ಪರೀಕ್ಷೆಯನ್ನೂ ಇಟ್ಟಳು: ಯಾರು ಯಾರನ್ನು ಸೊಂಟದ ಮೇಲೆ ಹೊತ್ತು ಆಡಿಸಿದರು ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳುವುದು. ವಾರದೊಳಗೆ ಹಿರಿಯಳಿಂದ ಕಿರಿಯಳವರೆಗೆ ಒಂದು ಸಾಲು ಸಿದ್ಧವಾಯಿತು.

ಆ ಸಾಲಿಗೆ ಇಸವಿ ಜೋಡಿಸಲು ಒಂದಿಷ್ಟು ಗಟ್ಟಿ ದಿನಾಂಕಗಳು ಬೇಕಿದ್ದವು. ಘಟಪ್ರಭಾದ ಬಳಿ ಮುಚ್ಚಿಹೋದ ಒಂದು ಹಳೆಯ ಹೆರಿಗೆ ದವಾಖಾನೆಯ ಜನನ ರಿಜಿಸ್ಟರುಗಳನ್ನು, ಅಲ್ಲಿನ ನರ್ಸಿನ ಮಗ ತನ್ನ ಮನೆಯ ಕಪಾಟಿನಲ್ಲಿ ಕಾಪಾಡಿಕೊಂಡಿದ್ದರು. ಆ ನರ್ಸಮ್ಮ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಹೋಗಿ ಹೆರಿಗೆ ಮಾಡಿಸಿ, ತಪ್ಪದೆ ದಿನಾಂಕ ಬರೆದು, ನಾಮಕರಣವಾದ ಮೇಲೆ ಹೆಸರನ್ನೂ ಸೇರಿಸಿಟ್ಟವರು. ಈ ಕೆಲಸವನ್ನು ನಾನೇ ವಹಿಸಿಕೊಂಡೆ. ಎರಡು ದಿನ ಕುಳಿತು, ನಮ್ಮ ಸಾಲಿನ ಹೆಸರುಗಳನ್ನು ತಂದೆಯ ಹೆಸರಿನೊಂದಿಗೆ ಹುಡುಕಿದೆ. ಸಿಕ್ಕ ಹೆಸರುಗಳೆಲ್ಲ ಗ್ರೇಸಿಯ ಸಾಲಿನಂತೆಯೇ ಬಂದವು, ಒಂದರ ಹೊರತು. ರಿಜಿಸ್ಟರಿನ ಪ್ರಕಾರ ದುಂಡವ್ವ ಹುಟ್ಟಿ ಮೂರು ವರ್ಷವಾದ ಮೇಲೆ ಮೈರುನ್‌ಬಿ ಹುಟ್ಟಿದ್ದರು. ಅಕ್ಕ ತಂಗಿಯಾಗಿದ್ದಳು, ತಂಗಿ ಅಕ್ಕನಾಗಿದ್ದಳು.

ನಿಯಮದಂತೆ ನಾನು ಸಾಲನ್ನೂ ರಿಜಿಸ್ಟರಿನ ಪ್ರತಿಯನ್ನೂ ಪರೀಕ್ಷಕರಿಗೆ ಮುಂಚಿತವಾಗಿ ಕಳಿಸಿದೆ. ಬುಧವಾರ ಅವರ ಟಿಪ್ಪಣಿ ಬಂತು: ಇಡೀ ಸಾಲು ನಿಂತಿರುವುದು ಬಾಯಿಮಾತಿನ ಮೇಲೆ, ಒಂದು ಕಡೆ ಅದು ದಾಖಲೆಗೆ ವಿರುದ್ಧವಾಗಿದೆ, ಒಂದು ಕಡೆ ತಪ್ಪಿದ್ದರೆ ಉಳಿದೆಡೆ ಸರಿಯೆಂದು ಹೇಗೆ ನಂಬುವುದು? ಶನಿವಾರ ತಾವೇ ಬರುವುದಾಗಿ ತಿಳಿಸಿದ್ದರು. ಡೀನ್ ಫಾದರ್ ಫೋನಿನಲ್ಲಿ, ಆ ಒಂದು ಕಡೆ ಮಾತ್ರ ರಿಜಿಸ್ಟರಿನಂತೆ ತಿದ್ದಿ, ಮಕ್ಕಳನ್ನು ದಡ ಮುಟ್ಟಿಸಿ ಎಂದರು. ನನಗೂ ಅದೇ ಸರಿಯೆನಿಸಿತು. ನಾವು ತಂಗಿದ್ದ ಮೂಡಲಗಿಯ ವಸತಿನಿಲಯದ ವರಾಂಡದಲ್ಲಿ ಗ್ರೇಸಿಯನ್ನು ಕರೆದು, ಎರಡು ಹೆಸರುಗಳನ್ನು ಅದಲುಬದಲು ಮಾಡಲು ಹೇಳಿದೆ. ಕಾಗದ ಇಲ್ಲದಿದ್ದಾಗ ಮಾತು, ಕಾಗದ ಇದ್ದಾಗ ಕಾಗದ, ಎಂದು ವಿವರಿಸಿದೆ.

ಅವಳು ಹಾಳೆಯನ್ನು ಕೈಗೆತ್ತಿಕೊಳ್ಳಲಿಲ್ಲ.

“ತಿದ್ದಿದ್ರ ಪಾಸಾಗತೀನ್ರಿ ಸರ್, ಗೊತ್ತೈತ್ರಿ. ಆದ್ರ ದುಂಡವ್ವಾರು ಸುಳ್ಳ ಹೇಳಿಲ್ರಿ. ಸುಳ್ಳ ಹೇಳಿ ಅವರಿಗೇನ್ ಬರೂದೈತ್ರಿ?”

ನೆನಪು ತಪ್ಪಿರಬಹುದು ಎಂದೆ.

“ಒಬ್ಬರಿಗೆ ತಪ್ಪಬಹುದ್ರಿ. ಓಣಿಗೆ ಓಣಿನ ತಪ್ಪತೈತೇನ್ರಿ?” ಎಂದವಳು ತನ್ನ ಊರಿನ ಸಭೆಯ ವಿಷಯ ಹೇಳಿದಳು. ದೀಕ್ಷಾಸ್ನಾನದ ರಿಜಿಸ್ಟರನ್ನು ಹೊಸ ಪುಸ್ತಕಕ್ಕೆ ಇಳಿಸುವಾಗ ಅವಳು ಸಭಾಪಾಲಕರಿಗೆ ನೆರವಾಗಿದ್ದಳಂತೆ. ಅದರಲ್ಲಿ ಅವಳ ತಂದೆಯ ಹೆಸರು ಎರಡು ಸಲ ಇತ್ತು. ಅದೇ ತಂದೆತಾಯಿ, ಬೇರೆ ಬೇರೆ ವರ್ಷ. ಮೊದಲನೆಯದರ ಪಕ್ಕದಲ್ಲಿ ಒಂದು ಸಣ್ಣ ಶಿಲುಬೆ. “ಆ ಹೆಸರಿನ ಮಗ ಮೊದ್ಲ ಒಬ್ಬ ಇದ್ನಂತ್ರಿ. ಅಂವ ಹೋದ ಮ್ಯಾಲ ನಮ್ಮ ಅಪ್ಪಗ ಅದ ಹೆಸರು ಇಟ್ರಂತ್ರಿ. ಇಲ್ಲೂ ಒಮ್ಮೆ ಕೇಳೋಣ್ರಿ ಸರ್.”

ಗುರುವಾರ ಮುಂಜಾನೆ ಇಬ್ಬರೂ ಓಣಿಗೆ ಹೋದೆವು. ದುಂಡವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಮೈರುನ್‌ಬಿಯೂ ಮೊರ ಹಿಡಿದು ಕುಳಿತಿದ್ದರು. ರಿಜಿಸ್ಟರಿನ ಪ್ರಕಾರ ದುಂಡವ್ವನೇ ಮೂರು ವರ್ಷ ದೊಡ್ಡವರು ಎಂದು ನಾನು ತಿಳಿಸಿದೆ. ಮೈರುನ್‌ಬಿಗೆ ನಗು ತಡೆಯಲಾಗಲಿಲ್ಲ. “ಕೇಳಿದೇನ ದುಂಡವ್ವಾ? ಇವತ್ತಿಂದ ನೀ ನನಗ ಅಕ್ಕ. ನನ್ನ ಹೊಲದ ಕೆಲಸಾನೂ ನೀನ ನೋಡ್ಕೊ” ಎಂದು, ತಾವೇ ಮುಂದುವರಿಸಿದರು: “ನಿನ್ನ ತೊಟ್ಟಿಲಾ ತೂಗಿ ತೂಗಿ ನನ್ನ ಕೈ ನೊಂದಾವು, ಆ ಲೆಕ್ಕಾ ಯಾರ ಬರೀಬೇಕ?”

ದುಂಡವ್ವ ನಗಲಿಲ್ಲ. ನಿಮಗಿಂತ ಮೊದಲು ಮನೆಯಲ್ಲಿ ಹೆಣ್ಣುಮಗು ಯಾವುದಾದರೂ ಹುಟ್ಟಿತ್ತೇ ಎಂದು ಗ್ರೇಸಿ ಮೆಲ್ಲಗೆ ಕೇಳಿದಳು.

“ಇತ್ತವಾ. ಅದಕ್ಕೂ ದುಂಡವ್ವ ಅಂತ ಹೆಸರಿತ್ತಂತ. ನಮ್ಮ ಆಯಿ ಹೆಸರದು, ಅಪ್ಪನ ಅವ್ವಂದು. ತೊಟ್ಟಿಲದಾಗ ಇದ್ದಾಗ ಹೋತಂತ. ಆಯಿ ಹೆಸರು ಮನ್ಯಾಗ ಉಳೀಬೇಕಂತ ನಮ್ಮ ಮುತ್ಯಾ ಹಟ ಹಿಡದ, ನನಗ ಅದ ಹೆಸರ ಇಟ್ಟರು.”

ಇಷ್ಟು ದಿನ ಇದನ್ನೇಕೆ ಹೇಳಲಿಲ್ಲವೆಂದು ನಾನು ಕೇಳಿದೆ. ಅವರು ಕೈಯಲ್ಲಿದ್ದ ಶೇಂಗಾ ಸುಲಿದು ಮೊರಕ್ಕೆ ಹಾಕಿದರು. “ಇದ್ದವ್ರನ್ನ ಕೇಳಿದ್ರಿ, ಹೇಳಿದ್ವಿ. ಹೋದವ್ರನ್ನ ನೀವು ಕೇಳಲಿಲ್ಲ.”

ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಘಟಪ್ರಭಾ. ನಾನು ಹಿಂದಿನ ವಾರ ಮಾಡಿದ್ದ ತಪ್ಪು ಅಲ್ಲಿ ನನಗೆ ಸ್ಪಷ್ಟವಾಯಿತು: ಹೆಸರೂ ತಂದೆಯ ಹೆಸರೂ ಕೂಡಿಬಂದ ಕೂಡಲೇ ಪುಟಕ್ಕೆ ಗುರುತಿಟ್ಟು ಮುಂದಿನ ಹೆಸರಿಗೆ ಹೋಗಿದ್ದೆ. ಮೂವತ್ತು ವರ್ಷ ಇತರರಿಗೆ ಬೋಧಿಸಿದ ನಿಯಮವನ್ನು ನಾನೇ ಮುರಿದಿದ್ದೆ. ಹೊಂದಿಕೆ ಸಿಕ್ಕಲ್ಲಿ ಹುಡುಕಾಟ ನಿಲ್ಲಬಾರದು, ಪುಸ್ತಕ ಮುಗಿದಲ್ಲಿ ನಿಲ್ಲಬೇಕು. ಈ ಸಲ ಗ್ರೇಸಿ ಒಂದು ಪುಸ್ತಕ, ನಾನೊಂದು ಪುಸ್ತಕ ಹಿಡಿದು ಸಾಲು ಸಾಲಾಗಿ ಓದಿದೆವು. ಮಧ್ಯಾಹ್ನದ ಹೊತ್ತಿಗೆ ಅವಳು ಓದುವುದನ್ನು ನಿಲ್ಲಿಸಿ, ತೆರೆದ ಪುಟವನ್ನು ನನ್ನತ್ತ ತಿರುಗಿಸಿದಳು. ಮೈರುನ್‌ಬಿ ಹುಟ್ಟಿದ ಐದನೆಯ ವರ್ಷ: ಅದೇ ಹಳ್ಳಿ, ಅದೇ ತಂದೆ, ಹೆಣ್ಣು, ದುಂಡವ್ವ. ಷರಾ ಅಂಕಣದಲ್ಲಿ ನರ್ಸಮ್ಮನ ದುಂಡಗಿನ ಅಕ್ಷರಗಳಲ್ಲಿ ಒಂದು ಮಾತು: ಮೊದಲನೆಯದು ತೀರಿದೆ. ತೊಟ್ಟಿಲು ತೂಗುವ ಕೈಗೆ ಆಗ ಐದನೆಯ ವರ್ಷ.

ಶನಿವಾರ ಪರೀಕ್ಷಕರು ಬಂದರು. ಎತ್ತರದ ಆಳು, ಮಿತಭಾಷಿ. ಅವರು ಏನನ್ನಾದರೂ ಕೇಳುವ ಮೊದಲೇ, ಬಾಯಿಮಾತು ಸರಿಯಾಗಿತ್ತು, ದಾಖಲೆಯೂ ಸರಿಯಾಗಿತ್ತು, ದಾಖಲೆ ಓದಿದ ನಾನು ತಪ್ಪಿದ್ದೆ, ಸಾಲನ್ನು ತಿದ್ದಲು ಗ್ರೇಸಿಗೆ ಹೇಳಿದವನೂ ನಾನೇ ಎಂದು ತಂಡದ ಎದುರೇ ಒಪ್ಪಿಕೊಂಡೆ. ಅವರು ಎರಡೂ ನಮೂದುಗಳ ಪ್ರತಿಯನ್ನು ತಾಳೆ ನೋಡಿ, ಗ್ರೇಸಿಯನ್ನು ಕುರಿತು, ತಿದ್ದಲು ಹೇಳಿದಾಗ ಏಕೆ ತಿದ್ದಲಿಲ್ಲ ಎಂದರು. “ತಿದ್ದಾಕ ನನ್ನ ಕಡೆ ಕಾರಣ ಇರಲಿಲ್ರಿ ಸರ್” ಎಂದಳು.

ಪರೀಕ್ಷಕರು ಅಷ್ಟಕ್ಕೇ ತೃಪ್ತರಾಗಲಿಲ್ಲ. ನಮ್ಮ ಸಾಲನ್ನು ಮಡಚಿ ಜೇಬಿಗಿಟ್ಟುಕೊಂಡು ಓಣಿಗೆ ಹೊರಟರು. ನಮಗೆಲ್ಲ ದೂರ ನಿಲ್ಲಲು ಹೇಳಿ, ಅಲ್ಲಿಯೇ ಹುಟ್ಟಿದ ಹೆಣ್ಣುಮಕ್ಕಳು ಹಿರಿಯರಿಂದ ಕಿರಿಯರವರೆಗೆ ಗೋಡೆಗುಂಟ ನಿಲ್ಲಬೇಕೆಂದು ವಿನಂತಿಸಿದರು. ಓಣಿಯಲ್ಲಿ ಗದ್ದಲವೆದ್ದಿತು. ಒಬ್ಬಾಕೆ ಮುಂದೆ ಹೋದರೆ ಮತ್ತೊಬ್ಬಾಕೆ ಸೆರಗು ಹಿಡಿದು ಹಿಂದೆ ತರುವರು. “ಕೂದಲಾ ಬೆಳ್ಳಗಾದ್ರ ಹಿರ್ಯಾಕಿ ಆಗತೀಯೇನ? ನಿನ್ನ ಮೂಗು ಒರಸಿದಾಕಿ ನಾನು, ಹಿಂದ ಸರಿ” ಎಂದು ಯಾರೋ ಗದರಿಸಿದರು. ಸರಿದಾಕೆ ನಗುತ್ತ ಸರಿದರು. ಹತ್ತು ನಿಮಿಷದಲ್ಲಿ ಸದ್ದಡಗಿತು. ಮೈರುನ್‌ಬಿ ಮೇಲಿನಿಂದ ಮೂರನೆಯವರು. ನಡುವೆ ಇಬ್ಬರನ್ನು ಬಿಟ್ಟು ದುಂಡವ್ವ.

ಪರೀಕ್ಷಕರು ಜೇಬಿನಿಂದ ಹಾಳೆ ತೆಗೆದರು. ಗೋಡೆಯ ಆ ತುದಿಯಿಂದ ಈ ತುದಿಗೆ, ಒಬ್ಬೊಬ್ಬರ ಹೆಸರು ಕೇಳಿ, ಒಂದೊಂದು ಗುರುತು ಹಾಕುತ್ತ ನಡೆದರು. ನಾನು ಗ್ರೇಸಿಯನ್ನು ನೋಡಿದೆ. ಅವಳು ಹಾಳೆಯನ್ನು ನೋಡುತ್ತಿರಲಿಲ್ಲ, ಹೆಂಗಸರನ್ನು ನೋಡುತ್ತಿದ್ದಳು. ಕೊನೆಯ ಹೆಸರಿಗೆ ಗುರುತು ಬಿದ್ದ ಮೇಲೆ ಅವರು ಪೆನ್ನಿನ ಮುಚ್ಚಳ ಹಾಕಿದರು. “ಒಂದೂ ತಪ್ಪಿಲ್ಲ” ಎಂದು, ಯಾರಿಗೆಂದಲ್ಲದೆ, ಹೇಳಿದರು. ಆಮೇಲೆ ಗೋಡೆಗುಂಟ ನಿಂತವರಿಗೆ ಕೈಮುಗಿದರು. ಅಂದು ಮೈರುನ್‌ಬಿ ಅವರನ್ನು ಉಣಿಸದೆ ಬಿಡಲಿಲ್ಲ.

ಪರಿಷತ್ತಿಗೆ ಅವರು ಸಲ್ಲಿಸಿದ ಅಭಿಪ್ರಾಯ ಒಂದೂವರೆ ಪುಟದ್ದು. ಬೇಸಿಗೆಯ ಅಧ್ಯಯನಕ್ಕೆ ಪೂರ್ಣ ಅಂಕಗಳನ್ನು ಮುಂದುವರಿಸಬೇಕು. ವಯಸ್ಸಿನ ಕ್ರಮ ಕಟ್ಟುವ ಈ ವಿಧಾನವನ್ನು ತರಗತಿಯಲ್ಲಿಯೂ ಬೋಧಿಸಬೇಕು. ನಿರ್ಣಯ ಅವಿರೋಧವಾಗಿ ಅಂಗೀಕೃತವಾಯಿತು. ಆಕ್ಷೇಪ ಎತ್ತಿದ್ದವರೇ ಅನುಮೋದಿಸಿದರೆಂದು ಡೀನ್ ಫಾದರ್ ಫೋನು ಮಾಡಿ, ನಾನು ನಂಬಲಿಲ್ಲವೇನೋ ಎಂಬಂತೆ ಎರಡು ಸಲ ಹೇಳಿದರು. ಗ್ರೇಸಿಗೆ ಪ್ರಥಮ ದರ್ಜೆ ಬಂತು. ಬಿ.ಎಡ್. ಪ್ರವೇಶದ ಸಾಲಿನಲ್ಲಿ ನಿಂತುಕೊಂಡೇ ಅವಳು ನನಗೆ ಅಂಕಪಟ್ಟಿಯ ಚಿತ್ರ ಕಳಿಸಿದಳು.

ಅದನ್ನು ಓಣಿಗೆ ತಿಳಿಸುವುದು ನನ್ನ ಕರ್ತವ್ಯವೆನಿಸಿತು. ದುಂಡವ್ವನ ಮೊಮ್ಮಗಳ ಮೊಬೈಲಿಗೆ ಕರೆಮಾಡಿ ವಿಷಯ ಹೇಳಿದೆ. ಫೋನು ಕೈಯಿಂದ ಕೈಗೆ ಹೋಗುವ ಸದ್ದು, ಹಿಂದೆ ಹಲವರ ಮಾತು, ಮೈರುನ್‌ಬಿಯ ನಗು ಕೇಳಿಸಿತು. ಕೊನೆಗೆ ದುಂಡವ್ವ ಮಾತಾಡಿದರು.

“ಚಲೋ ಆತ್ರಿ ಸರ. ಆಕಿ ಪಾಸಾದ್ಲು, ನಾವು ಖರೆ ಆದ್ವಿ.”